ಕಿಟಕಿ ಗಾಜಿನ ಮೇಲೆ ಎರಡು ಗೆರೆ

ಇಲಿಯ ಹೃದಯ ಎಂದರೆ ಒಂದು ಕಡಲೆಕಾಳಿನಷ್ಟು. ಪ್ರಯೋಗಾಲಯದಲ್ಲಿ ಅದರ ಎಂಆರ್‌ಐ ತೆಗೆದು, ಹೃದಯಾಘಾತದಿಂದ ಸತ್ತ ಭಾಗ ಎಷ್ಟೆಂದು ಅಳೆಯುವುದು ನನ್ನ ಮತ್ತು ನನ್ನ ಗಂಡನ ಕೆಲಸವಾಗಿತ್ತು. ಆಗಿನ್ನೂ ಅವರು ಗಂಡನಲ್ಲ, ಎದುರು ಮೇಜಿನ ಮೊಂಡ. ಜೀವವಿರುವ ಮಾಂಸ ಚಿತ್ರದಲ್ಲಿ ಕಪ್ಪಗೆ, ಸತ್ತದ್ದು ಬೆಳ್ಳಗೆ ಕಾಣುತ್ತಿತ್ತು. ಒಂದೇ ಚಿತ್ರದ ಎರಡು ಹಾಳೆ. ಬೆಳ್ಳಗಿನ ಭಾಗದ ಸುತ್ತ ಇಬ್ಬರೂ ಬೇರೆ ಬೇರೆ ಕೂತು ಗೆರೆ ಎಳೆಯಬೇಕು, ಆಮೇಲೆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿ ಗಾಜಿಗೆ ಹಿಡಿದು ನೋಡಬೇಕು. ಪಕ್ಷಪಾತವಾಗಬಾರದೆಂದು, ಯಾವ ಇಲಿಗೆ ಹೊಸ ಔಷಧಿ ಸಿಕ್ಕಿದೆ ಎಂಬುದನ್ನು ನಮಗೆ ಹೇಳುತ್ತಿರಲಿಲ್ಲ.

ನನ್ನ ಗೆರೆ ಯಾವಾಗಲೂ ಹೊರಗೆ, ಅವರದು ಒಳಗೆ. ಮಸುಕಾದ ಅಂಚನ್ನೆಲ್ಲ ನಾನು ಸತ್ತಿದೆ ಎನ್ನುತ್ತಿದ್ದೆ, ಅವರು ಬದುಕಿದೆ ಎನ್ನುತ್ತಿದ್ದರು. "ಇವಳು ಇಲಿಗೆ ಅತ್ತೆ, ಅವನು ಅಜ್ಜಿ" ಎಂದು ನಮ್ಮ ಮೇಷ್ಟ್ರು ನಗುತ್ತಿದ್ದರು. ಆ ಕಿಟಕಿಯ ಬಳಿ ಆಡಿದಷ್ಟು ಜಗಳವನ್ನು ಮದುವೆಯಾದ ಮೇಲೂ ನಾವು ಆಡಿಲ್ಲ. ಯಂತ್ರದ ಟಕಟಕ, ಮಂಪರು ಇಳಿಯುವವರೆಗೂ ಇಲಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದ ಆ ಮೊಂಡ, ಎಲ್ಲ ನೆನಪಾದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ.

ಹೋದ ತಿಂಗಳು ಅವರ ಹೃದಯವೇ ಕೈಕೊಟ್ಟಿತು. ಜೀವವಿರುವ ಮಾಂಸ ಸಾಕಷ್ಟು ಉಳಿದಿದ್ದರೆ ಮಾತ್ರ ಆಪರೇಷನ್, ಇಲ್ಲದಿದ್ದರೆ ಮಾತ್ರೆಯಲ್ಲೇ ದಿನ ನೂಕಬೇಕು ಎಂದಿದ್ದಾರೆ ಡಾಕ್ಟರು. ನಾಳೆ ತೀರ್ಮಾನ. ಇವರು ಸುಮ್ಮನಿರುವ ಆಸಾಮಿಯೇ? ಇವತ್ತು ತಮ್ಮ ಎಂಆರ್‌ಐ ಚಿತ್ರದ ಎರಡು ಪ್ರತಿ ತೆಗೆಸಿಕೊಂಡು ಬಂದು, ಒಂದನ್ನು ಪೆನ್ಸಿಲ್ ಸಮೇತ ನನ್ನ ಕೈಗಿಟ್ಟರು. ನಾನು ಅಡುಗೆಮನೆಯಲ್ಲಿ ಕೂತೆ, ಅವರು ಹಾಲ್‌ನಲ್ಲಿ.

ಕಿಟಕಿಗೆ ಹಿಡಿದಾಗ ಅವರ ಗೆರೆ ಹೊರಗಿತ್ತು. ನನ್ನದು ಒಳಗೆ, ತೀರಾ ಒಳಗೆ. ಅವರು ನಗಲಿಲ್ಲ. ರಬ್ಬರ್ ತಂದು ನನ್ನ ಗೆರೆಯನ್ನು ತಾವೇ ಅಳಿಸಿದರು.

"ನಂದು ಅಂದ್ಕೋಬೇಡ ಕಣೇ. ಯಾವುದೋ ಇಲಿದು ಅಂದ್ಕೊಂಡು ಎಳಿ."

ಕಣ್ಣು ಒರೆಸಿಕೊಂಡು, ಇಲಿಯದೆಂದುಕೊಂಡೇ ಎಳೆದೆ. ಈ ಸಲ ನನ್ನ ಗೆರೆ ಅವರದಕ್ಕಿಂತಲೂ ಆಚೆ ಹೋಯಿತು.

ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಸುಕಾದ ಅಂಚಿನ ಮೇಲೆ ಬೆರಳಿಟ್ಟು, ಹಳೆಯ ಧಾಟಿಯಲ್ಲೇ ಜಗಳಕ್ಕೆ ನಿಂತರು.

"ಇಷ್ಟೆಲ್ಲ ಸತ್ತಿಲ್ಲ ಬಿಡೇ. ಇಲ್ಲಿ ನೋಡು, ಇದು ಬದುಕಿದೆ."

ಅಷ್ಟು ವರ್ಷ ಒಂದು ಇಲಿಯ ವಿಷಯದಲ್ಲೂ ಬಿಟ್ಟುಕೊಡದವಳು ನಾನು. ಅವರ ಮಾತೇ ನಿಜವಾಗಲಿ ಎಂದು ಮೊದಲ ಸಲ ಬೇಡಿಕೊಂಡೆ.