ಹಲಗೆಯಲ್ಲಿ ಉಳಿದ ಮಾತು

ಆ ಹಲಗೆ ವಿಮಾನದಲ್ಲಿ ಬಂತು. ನನ್ನ ಅಣ್ಣ ಚಳಿಜ್ವರದಲ್ಲಿ ನಡುಗುತ್ತಿದ್ದಾಗ ನಮ್ಮ ಕಾಡಿಗೆ ಔಷಧಿ ತರಬೇಕಿದ್ದು ಬಾರದೇ ಹೋದ ವಿಮಾನ ಅದು. ಮೋಡ ಇದೆ, ಎಣ್ಣೆ ಇಲ್ಲ, ಪೈಲಟ್ ರಜೆ ಎಂದು ಆಗ ರೇಡಿಯೊದಲ್ಲಿ ಸಬೂಬಿನ ಮೇಲೆ ಸಬೂಬು. ಈಗ ಬಣ್ಣ ಬಳಿದ ಮರದ ಹಲಗೆ ಹೊತ್ತು, ಹೇಳಿದ ದಿನಕ್ಕೇ ಬಂದು ಇಳಿಯಿತು. ಹೊಟ್ಟೆ ಉರಿಯದೆ ಇನ್ನೇನಾದೀತು?

ಅಣ್ಣನ ಹೆಸರು ನಾನು ಹೇಳುವುದಿಲ್ಲ, ಕೇಳಬೇಡಿ. ಬದುಕಿದ್ದವರನ್ನೇ ನಾವು ಮುಖದೆದುರು ಹೆಸರು ಹಿಡಿದು ಕರೆಯುವುದಿಲ್ಲ. ಅಣ್ಣ, ಮಾವ, ಅತ್ತೆ ಎನ್ನುವುದರಲ್ಲೇ ದಿನ ಕಳೆಯುತ್ತದೆ. ಹೆಸರೆತ್ತಿದರೆ ಜಗಳಕ್ಕೆ ಕರೆದಂತೆ. ಇನ್ನು ಸತ್ತವರ ಹೆಸರು ನಾಲಿಗೆಯಿಂದಲೇ ಅಳಿದುಹೋಗಬೇಕು. ಅವನ ಜೋಲಿ, ಬಿಲ್ಲು, ಬಾಣ ಎಲ್ಲ ಸುಟ್ಟಿದ್ದೆವು. ಅವನು ನೆಟ್ಟ ಬಾಳೆಗಳನ್ನು ಅವ್ವನೇ ಕಡಿದುಹಾಕಿದ್ದಳು. ಹೊಳೆಯ ದಾರಿಯಲ್ಲಿ ಅವನು ಕೂತೇಳುತ್ತಿದ್ದ ಜಾಗಗಳನ್ನೂ ಬಿಡದೆ ಗುಡಿಸಿದ್ದಳು. ಮೂಳೆಯ ಬೂದಿ ಮಾತ್ರ ಸೋರೆಬುರುಡೆಯಲ್ಲಿ ಅವಳ ಒಲೆಯ ಪಕ್ಕ ಉಳಿದಿತ್ತು. ತೋಟದಲ್ಲಿ ಉಳಿದವರು ನೆಟ್ಟ ಗೊನೆಗಳು ಹಣ್ಣಾದ ಮೇಲೆ ನೆಂಟರೆಲ್ಲ ಸೇರಿ ಅದನ್ನು ಬಾಳೆಹಣ್ಣಿನ ಗಂಜಿಯಲ್ಲಿ ಕಲಸಿ ಕುಡಿಯಬೇಕು. ಅಲ್ಲಿಯವರೆಗೆ ಸತ್ತವನು ಪೂರ್ತಿ ಹೋಗಿರುವುದಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗಿ ಬಂದಾನು, ದಾರಿ ತಪ್ಪಿ ಇಲ್ಲೇ ಅಲೆದಾನು. ಕೆನ್ನೆಗೆ ದುಃಖದ ಮಸಿ ಬಳಿದುಕೊಂಡು ಕೂತ ಅವ್ವನಿಗೆ ಇದೊಂದೇ ಭಯ.

ಹಲಗೆ ತಂದವನು ಆರೋಗ್ಯ ಕಚೇರಿಯ ವಾಲ್ದೆಸಿರ್. ನಾನು ಚಿಕ್ಕವಳಿದ್ದಾಗಿನಿಂದ ಬಂದು ಹೋಗುವ ನಪೆ. ನಪೆ ಅಂದರೆ ಹೊರಗಿನವನು. ಶತ್ರುವಿಗೂ ನಾವು ಅದೇ ಅನ್ನುತ್ತೇವೆ, ತಪ್ಪೇನಿಲ್ಲ. ವಿಮಾನ ಇಳಿಯುವ ಬಯಲಿನ ಅಂಚಿಗೆ ಹೊಸ ಆಸ್ಪತ್ರೆಯ ಕೋಣೆ ಎದ್ದಿತ್ತು. ಹಲಗೆಯನ್ನು ಅದರ ಗೋಡೆಗೆ ಒರಗಿಸಿ, ಬಟ್ಟೆ ಮುಚ್ಚಿ, ಅವನು ಭಾಷಣಕ್ಕೆ ನಿಂತ. ಪಾದ್ರಿಗಳ ಶಾಲೆಯಲ್ಲಿ ಪೋರ್ಚುಗೀಸ್ ಕಲಿತವಳು ನಾನೊಬ್ಬಳೇ, ಹಾಗಾಗಿ ಅವನ ಮಾತನ್ನು ನಮ್ಮವರಿಗೆ ತಿಳಿಸುವ ಕರ್ಮ ನನ್ನದು. ಯನೊಮಾಮಿ ಪ್ರದೇಶ, ಯನೊಮಾಮಿ ಸಮಸ್ಯೆ, ಯನೊಮಾಮಿ ಸಾವಿನ ಪ್ರಮಾಣ ಎಂದು ಒಂದೇ ಸಮ ಹೇಳಿದ. ಯಾವುದೋ ಮೀನಿನ ಜಾತಿಯ ಬಗ್ಗೆ ಮಾತಾಡುವ ಧಾಟಿ. ಯನೊಮಾಮಿ ಎಂಬುದು ನಮ್ಮದೇ ಮಾತು. ನಮ್ಮ ಬಾಯಿಂದ ತೆಗೆದುಕೊಂಡು ಹೋಗಿ ನಮಗೇ ಚೀಟಿಯ ಹಾಗೆ ಅಂಟಿಸಿದ್ದಾರೆ. ಅದರ ಅರ್ಥವೇನು ಎಂದು ಇಷ್ಟು ವರ್ಷದಲ್ಲಿ ಇವನು ಒಮ್ಮೆಯೂ ಕೇಳಿದವನಲ್ಲ.

ಆಮೇಲೆ ಬಟ್ಟೆ ಎಳೆದು, ಹಲಗೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿದ. ಮೇಲೆ ಯನೊಮಾಮಿ ಆಸ್ಪತ್ರೆ ಎಂದು, ಕೊನೆಯಲ್ಲಿ ಅದಕ್ಕೆ ಇಟ್ಟ ಅಣ್ಣನ ಹೆಸರು.

ಹೆಂಗಸರು ಗೋಳೋ ಎಂದು ಎದೆ ಬಡಿದುಕೊಂಡರು. ಗಂಡಸರು ದೊಣ್ಣೆ ಹಿಡಿದು ಎದ್ದರು. ನಮ್ಮ ಸೋದರಮಾವ ಅಡ್ಡ ನಿಲ್ಲದಿದ್ದರೆ ವಾಲ್ದೆಸಿರನ ತಲೆ ಅಲ್ಲೇ ಒಡೆಯುತ್ತಿತ್ತು. ಅವನು ಗೋಡೆಗೆ ಅಂಟಿ ನಿಂತ. ತಾನೇನು ತಪ್ಪು ಮಾಡಿದೆ ಎಂದು ನನ್ನನ್ನು ಕೇಳಿದ. ಹೇಳಿದೆ.

"ಗೌರವಕ್ಕೆ ಅಂತ ಹಾಕಿಸಿದ್ದಮ್ಮ," ಎಂದ. "ಹೆಸರೇ ಇಲ್ಲ ಅಂದ್ರೆ ಮುಂದಿನವರು ಅವನನ್ನ ಮರೆತುಬಿಡೋದಿಲ್ವಾ?"

"ಮರೆಯೋಕೆ ಆಗ್ತಿಲ್ಲ ಅಂತಾನೇ ಹೆಸ್ರು ಹೇಳ್ತಿಲ್ಲ ಕಣಯ್ಯ ನಾವು," ಎಂದೆ. "ಇನ್ನೊಂದ್ ಸಲ ಆ ಹೆಸ್ರು ನಿನ್ ಬಾಯಲ್ಲಿ ಬಂದ್ರೆ ಮಾವನೂ ಅಡ್ಡ ಬರಾಕಿಲ್ಲ."

ಆದರೂ ಹಲಗೆ ತೆಗೆಯಲು ಅವನಿಗೆ ಮನಸ್ಸಿಲ್ಲ. ಪಟ್ಟಣದಲ್ಲಿ ಎಲ್ಲ ಒಪ್ಪಿಗೆ ಆಗಿದೆಯಂತೆ, ಫೋಟೊ ಕಳಿಸಬೇಕಂತೆ, ಬದಲಾಯಿಸುವುದು ತನ್ನ ಕೈಯಲ್ಲಿಲ್ಲವಂತೆ. ಔಷಧಿಯೂ ಅವನ ಕೈಯಲ್ಲಿರಲಿಲ್ಲ, ಇದೂ ಇಲ್ಲ. ಹಾಗಾದರೆ ಆ ಕೈ ಇರುವುದಾದರೂ ಯಾತಕ್ಕೆ?

ಅಷ್ಟರಲ್ಲಿ ಅವ್ವ ಮಚ್ಚು ಹಿಡಿದು ಬಂದಳು. ವಾಲ್ದೆಸಿರ್ ಹಿಂದೆ ಸರಿದ. ಅವಳು ಅವನ ಕಡೆ ನೋಡಲೂ ಇಲ್ಲ. ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಲ್ಲಿದ್ದಾನೆ ಎಂದು ನನ್ನನ್ನು ಕೇಳಿದಳು. ಅವಳಿಗೆ ಓದು ಬಾರದು. ನಾನು ಬಾಯಿ ಬಿಡದೆ ಕೆಳಗಿನ ಸಾಲಿಗೆ ಬೆರಳಿಟ್ಟೆ. ಬಣ್ಣ ಹೋಗಿ ಬಿಳಿ ಮರ ಕಾಣುವವರೆಗೆ ಅವಳು ಕೆರೆದಳು. ಹೆರೆದದ್ದನ್ನೆಲ್ಲ ಒಂದು ಚೂರೂ ಬಿಡದೆ ಬಾಳೆಎಲೆಗೆ ಬಳಿದುಕೊಂಡು, ಕೆಂಡ ತರಿಸಿ, ಅಲ್ಲೇ ಸುಟ್ಟಳು. ಹೊಗೆ ಪೂರ್ತಿ ಹೋಗುವವರೆಗೆ ಕಾದಳು.

ಆಮೇಲೆ ಮಚ್ಚಿನ ತುದಿಯನ್ನು ಮೇಲಿನ ಸಾಲಿಗೆ ತಂದಳು. "ಇದ್ಯಾರು?"

"ಇದು ನಮ್ಮ ಮಾತು ಅವ್ವ. ಯನೊಮಾಮಿ ಅಂತ ಬರೆದವ್ರೆ."

"ಇವ್ರೇ ಬರೆದ್ರಾ?"

"ಹೂಂ, ಇವ್ರೇ."

ಅವ್ವ ಮಚ್ಚು ಕೆಳಗಿಟ್ಟಳು. ಮಸಿಯ ಕೆನ್ನೆ ಎತ್ತಿ ಮೊದಲ ಸಲ ವಾಲ್ದೆಸಿರನನ್ನು ನೋಡಿದಳು. ಹಂಗಂದ್ರೇನು ಅಂತ ಕೇಳು ಅವನನ್ನ ಎಂದಳು. ಕೇಳಿದೆ. ಅದು ನಿಮ್ಮ ಬುಡಕಟ್ಟಿನ ಹೆಸರಲ್ಲವೇ ಎಂದ ಅವನು. ಅವನ ಮಾತನ್ನು ಹಾಗೇ ಅವ್ವನಿಗೆ ದಾಟಿಸಿದೆ.

"ಮನುಷ್ಯರು ಅಂತ ಹೇಳು ಅವನಿಗೆ," ಎಂದಳು ಅವ್ವ. "ಅದನ್ನ ಕೆರೆಯಾಕಿಲ್ಲ, ಇರ್ಲಿ. ಇನ್ನೊಬ್ಬಳ ಮಗನಿಗೆ ಜ್ವರ ಬಂದಾಗ ಮೊದ್ಲು ಇದನ್ನ ಓದ್ಕೊಂಡು, ಆಮೇಲೆ ಮೋಡ ನೋಡ್ಲಿ."

ಒಂದು ಅಕ್ಷರವನ್ನೂ ಮೆದು ಮಾಡದೆ ಅವನಿಗೆ ಹೇಳಿದೆ.