ಖಾಲಿ ಹಾಳೆಯ ಸಹಿ

ಪೊಲೀಸ್ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದು ವರ್ಷವಾಗಿದ್ದರೂ ದಫೇದಾರನಿಗೆ ಬೆಳಿಗ್ಗೆ ಎದ್ದು ಶೂ ಉಜ್ಜುವ ಚಟ ಬಿಟ್ಟಿರಲಿಲ್ಲ. ವಿಚಾರಣೆಯ ದಿನವೂ ಉಜ್ಜುತ್ತ ಕೂತವನಿಗೆ ಹೆಂಡತಿ ಅದೇ ಮಾತನ್ನು ಮೂರನೇ ಸಲ ಹೇಳಿದಳು.

"ಸಹಿ ನಂದಲ್ಲ ಅಂದ್ಬಿಡಿ. ಅವರು ಮಾಡಿದ್ದಕ್ಕೆ ನೀವ್ಯಾಕೆ ಕುತ್ತಿಗೆ ಕೊಡ್ತೀರಿ?"

ಅವಳ ಸಂಕಟ ಅವನಿಗೆ ಅರ್ಥವಾಗದ್ದೇನಲ್ಲ. ಗೋದಾಮಿನ ಕಳವಿನಲ್ಲಿ ಪಾಲು ತಿಂದವನು ಇನ್ಸ್‌ಪೆಕ್ಟರ್. ಅದನ್ನು ಕಟ್ಟಿದ್ದು ಮಾತ್ರ ಏನೂ ಅರಿಯದ ಲಾರಿ ಚಾಲಕನೊಬ್ಬನ ತಲೆಗೆ. ಕದ್ದ ಮಾಲು ಚಾಲಕನ ಮನೆಯಲ್ಲೇ ಸಿಕ್ಕಿತು ಎನ್ನುವ ಜಪ್ತಿ ಪತ್ರದ ಕೆಳಗೆ ದಫೇದಾರನ ಸಹಿಯಿತ್ತು. ಆ ದಿನ ಈ ಮಹಾಶಯ ಹಲ್ಲುನೋವೆಂದು ಕೆನ್ನೆ ಊದಿಸಿಕೊಂಡು ಮನೆಯಲ್ಲಿ ಮಲಗಿದ್ದ.

ಠಾಣೆಯಲ್ಲೊಂದು ರೂಢಿ. ರಜೆ ಹೋಗುವವರು ಎರಡು ಮೂರು ಖಾಲಿ ಹಾಳೆಗೆ ಸಹಿ ಹಾಕಿ ರೈಟರ್ ಕೈಗೆ ಕೊಟ್ಟು ಹೋಗಬೇಕು, ಕಾಗದಪತ್ರದ ಕೆಲಸ ನಿಲ್ಲಬಾರದಲ್ಲ. ರೈಟರ್ ಅಂದರೆ ಹೊರಗಿನವನೇ? ಹನ್ನೊಂದು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನು, ಇವನ ಹೆಂಡತಿಯನ್ನು ಬಾಯ್ತುಂಬ ಅತ್ತಿಗೆ ಎನ್ನುವವನು. ವಿಷಯ ತಿಳಿದು ಇವನು ಕೊರಳಪಟ್ಟಿ ಹಿಡಿದಾಗ ಅವನು ಹೇಳಿದ್ದಿಷ್ಟೇ: "ಸಾಹೇಬ್ರು ಹೇಳಿದ್ರು, ಬರೆದೆ." ಇನ್ಸ್‌ಪೆಕ್ಟರ್ ಪಾಲು ತಿಂದದ್ದಕ್ಕಿಂತ ದಫೇದಾರನ ಹೊಟ್ಟೆ ಉರಿಸಿದ್ದು ಆ ಮಾತು.

ವಿಚಾರಣೆಯ ಕೋಣೆ ಚಿಕ್ಕದು. ಎದುರಿನ ಬೆಂಚಿನಲ್ಲಿ ರೈಟರ್, ಅವನ ಪಕ್ಕ ವಕೀಲ. ಕನ್ನಡಕದ ಅಧಿಕಾರಿಣಿ ಜಪ್ತಿ ಪತ್ರವನ್ನು ತಿರುಗಿಸಿ ಇವನ ಮುಂದಿಟ್ಟು, ಸಹಿ ನಿಮ್ಮದೇ ಎಂದು ಕೇಳಿದರು. ಅಲ್ಲ ಎಂದರೆ ಸಹಿಯ ಪರೀಕ್ಷೆಗೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಇವನು ಹೊರಗೆ, ಚಾಲಕ ಒಳಗೆ. ಹೌದು, ಖಾಲಿ ಹಾಳೆಗೆ ಹಾಕಿದ್ದು ಎಂದರೆ ಜಪ್ತಿಯೇ ಸುಳ್ಳಾಗಿ ಚಾಲಕ ಇವತ್ತಲ್ಲ ನಾಳೆ ಬಿಡುಗಡೆಯಾಗುತ್ತಾನೆ, ಇವನ ಮೇಲೆ ಕೇಸು ಬೀಳುತ್ತದೆ.

"ನಂದೇ ಮೇಡಂ. ಖಾಲಿ ಹಾಳೆಗೆ ಹಾಕಿ ಕೊಟ್ಟಿದ್ದು. ಆ ಮನೆ ಎಲ್ಲಿದೆ ಅಂತಾನೂ ನಂಗೆ ಗೊತ್ತಿಲ್ಲ."

ಹೇಳಿದ ಮೇಲೆ ಎದೆ ಹಗುರವಾಯಿತು. ಸುಳ್ಳೇಕೆ, ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು. ಅಧಿಕಾರಿಣಿ ಎಲ್ಲವನ್ನೂ ಬರೆದುಕೊಂಡು ತಲೆ ಎತ್ತಿದರು.

"ಇಂಥ ಹಾಳೆ ಒಟ್ಟು ಎಷ್ಟು ಕೊಟ್ಟಿದ್ರಿ?"

ದಫೇದಾರ ಬೆರಳು ಮಡಿಸಿ ಎಣಿಸತೊಡಗಿದ. ತಂಗಿಯ ಮದುವೆ, ಮಗಳ ಬಾಣಂತನ, ಎರಡು ಸಲ ಟೈಫಾಯ್ಡ್. ಪ್ರತಿ ರಜೆಗೂ ಎರಡು ಮೂರು. ಅವು ಏನಾದವು ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನು ಕೇಳಿರಲಿಲ್ಲ. ಒಬ್ಬನನ್ನು ಬಿಡಿಸಲು ಬಂದವನು ಎಣಿಕೆಯನ್ನು ಅಲ್ಲಿಗೇ ಬಿಟ್ಟ.

ಮಾತು ಬಿಟ್ಟು ವರ್ಷವಾಗಿದ್ದ ಗೆಳೆಯನ ಕಡೆ ತಿರುಗಿದ.

"ಇನ್ನೂ ಯಾರ್ಯಾರು ಒಳಗಿದ್ದಾರೋ? ನೀನಾದ್ರೂ ಹೇಳೋ."

ರೈಟರ್ ತನ್ನ ವಕೀಲನ ಮುಖ ನೋಡಿದ.