ಶುದ್ಧಿ: ಇಲ್ಲ

ಬ್ಯಾಕೋಡಿನ ಕೇರಿಯಮ್ಮನ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ಪುಟದಲ್ಲಿ ‘ಶುದ್ಧಿ: ಇಲ್ಲ’ ಎಂದು ಬರೆದಿರುವುದನ್ನು ನಾರಾಯಣಮೂರ್ತಿಗಳು ಕಂಡದ್ದು ಶುಕ್ರವಾರ ಬೆಳಿಗ್ಗೆ, ಪೂಜೆ ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತಾಗ. ಹಣೆಯ ಗಂಧ ಇನ್ನೂ ಒಣಗಿರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಇದ್ದದ್ದು ಅದೇ.

‘ಕೊಳ್ಳುವ ಮುನ್ನ’ ಎಂಬ ಆ ವಿಕಿಯನ್ನು ಆರಂಭಿಸಿ ಆರು ತಿಂಗಳಾಗಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತಯಾರಾಗುವ ವಸ್ತುವನ್ನು ಕೊಳ್ಳುವವರಿಗೆ ಅದರ ಹಿಂದಿನ ಸಂಗತಿ ತಿಳಿಯಬೇಕು. ದುಡಿದವರಿಗೆ ಕೂಲಿ ಸಂದಿದೆಯೇ, ಕಾಡು ಕೆಟ್ಟಿದೆಯೇ, ಕಲಬೆರಕೆ ಉಂಟೇ ಎಂಬುದು ಗೊತ್ತಾಗಬೇಕು ಎಂಬುದು ಉದ್ದೇಶ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ತಾಂತ್ರಿಕ ಕೆಲಸವೆಲ್ಲ ಮೇಳಿಗೆಯ ಯಶಸ್ವಿನಿಯದು. ಅವಳು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಭಾಷೆಯ ಹೊಣೆ ಮಾತ್ರ, ಮೂವತ್ತೆರಡು ವರ್ಷ ಸಾಗರದಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ನಾರಾಯಣಮೂರ್ತಿಗಳದು.

ಪ್ರತಿ ಪುಟದ ಕೊನೆಯಲ್ಲಿ ತೀರ್ಪಿನ ಅಂಕಣವೊಂದು ಬೇಕಿತ್ತು. ‘ನ್ಯಾಯವಾಗಿ ಮಾಡಿದ್ದಾ?’ ಎಂದಿರಲಿ ಎಂದು ಯಶಸ್ವಿನಿ ಹೇಳಿದ್ದಳು. ಅದು ಸಂತೆಯ ಮಾತಾಯಿತು ಎಂದು ಇವರು ಒಪ್ಪಲಿಲ್ಲ. ಗಳಿಕೆ, ಮನಸ್ಸು, ವಸ್ತು ಮೂರೂ ಕಳಂಕವಿಲ್ಲದಿರುವುದನ್ನು ಎರಡೇ ಅಕ್ಷರಗಳಲ್ಲಿ ಹಿಡಿಯುವ ಪದವೊಂದು ಇರುವಾಗ ಬೇರೆಯದೇಕೆ? ‘ಶುದ್ಧಿ’ ಎಂದು ಇಟ್ಟರು. ಆ ಪದದ ಅರ್ಥವ್ಯಾಪ್ತಿಯನ್ನು ವಿವರಿಸಿ ಹನ್ನೊಂದು ಪ್ಯಾರಾಗಳ ಪ್ರಬಂಧವನ್ನೂ ಬರೆದು ಸಹಾಯ ಪುಟದಲ್ಲಿ ಹಾಕಿದರು. ಅದಕ್ಕೆ ಕಳೆದ ಚಾತುರ್ಮಾಸ್ಯ ಪೂರ್ತಿ ಹಿಡಿದಿತ್ತು.

ಈಗ ಪುಟದ ಇತಿಹಾಸವನ್ನು ತೆರೆದು ನೋಡಿದರು. ‘ಇಲ್ಲ’ ಎಂದು ಬರೆದವರ ಹೆಸರು: ಅನ್ನಪೂರ್ಣೇಶ್ವರಿ, ಸಾಗರ. ಅವರ ಹೆಂಡತಿ.

“ಇದು ನಿನ್ನ ಕೆಲಸವಾ?” ಎಂದು ಅಡುಗೆಮನೆಯ ಕಡೆ ಕೂಗಿದರು.

ಅನ್ನಪೂರ್ಣೇಶ್ವರಿ ಸೌಟು ಹಿಡಿದೇ ಬಾಗಿಲಿಗೆ ಬಂದರು. “ಹೌದು. ಎಂತ ಆತು?”

“ಕೇರಿಯಮ್ಮ ಎಂತ ಮೋಸ ಮಾಡಿದ್ದು?”

“ಮೋಸ ಹೇಳಿ ಆರು ಹೇಳ್ದ? ಉಪ್ಪಿನಕಾಯಿ ಪಸಂದ ಇದ್ದು. ಶ್ರಾದ್ಧದ ದಿನ ಎಲೆಗೆ ಹಾಕಲೆ ಬತ್ತಾ ಇಲ್ಯಾ ಹೇಳಿ ನಿಂಗಳ ಪುಟ ಕೇಳ್ತು. ಬತ್ತಿಲ್ಲೆ. ಅದ್ಕೆ ಇಲ್ಲೆ ಹೇಳಿ ಹಾಕಿದಿ.”

“ಪುಟ ಹಾಂಗೆ ಕೇಳಿದ್ದಿಲ್ಲೆ!”

“ಶುದ್ಧಿ ಹೇಳಿರೆ ಮತ್ತೆಂತ? ನಲವತ್ತು ವರ್ಷ ಈ ಮನೇಲಿ ಆ ಶಬ್ದ ಬೇರೆ ಎಂತಕ್ಕೆ ಬಳಸಿದ್ದಿ ನಿಂಗೊ? ಒಣಗಿಸಿದ ಮಡಿ ಪಂಚೆಗೆ ಆನು ಕೈ ತಾಗಿಸಿರೆ ಶುದ್ಧಿ ಹೋತು ಹೇಳಿ ಊರಿಗೇ ಕೇಳುವಾಂಗೆ ಕೂಗ್ತಿ.”

ಸಾರು ಉಕ್ಕಿದ ಸದ್ದಾಯಿತು. ಅವರು ಒಳಗೆ ಹೋದರು.

ನಾರಾಯಣಮೂರ್ತಿಗಳು ‘ಇಲ್ಲ’ವನ್ನು ಅಳಿಸಿ ‘ಇದೆ’ ಎಂದು ತಿದ್ದಿದರು. ಅನುಮಾನ ಬಂದು ಉಳಿದ ಪುಟಗಳನ್ನೂ ನೋಡುತ್ತ ಹೋದಂತೆ ತಲೆ ಬಿಸಿಯಾಯಿತು. ಜೇನು, ತುಪ್ಪ, ಬೆತ್ತದ ಬುಟ್ಟಿ: ನಲವತ್ತೊಂದು ಪುಟಗಳಲ್ಲಿ ಜನ ತೂಗಿದ್ದು ಮಾಡಿದವರ ಜಾತಿಯನ್ನು ಮಾತ್ರ. ಬೆತ್ತದ ಬುಟ್ಟಿಯನ್ನು ಯಾರಾದರೂ ಎಲೆಗೆ ಬಡಿಸುವರೇ? ಅದಕ್ಕೂ ‘ಇಲ್ಲ’.

ಅಷ್ಟರಲ್ಲಿ ಫೋನ್ ಬಂತು. ಹೊಸನಗರದಲ್ಲಿ ಸಾವಯವ ಪದಾರ್ಥಗಳ ಅಂಗಡಿ ಇಟ್ಟಿರುವ ಸುರೇಂದ್ರ.

“ಮೂರ್ತಿಗಳೇ, ಈ ವರ್ಷದ ಇನ್ನೂರು ಬಾಟ್ಲಿ ಕೇರಿಯಮ್ಮಂಗೇ ಹೇಳೋಣ ಅಂತಿದ್ದೆ. ನಿಮ್ಮ ವಿಕೀಲೇ ಶುದ್ಧ ಇಲ್ಲ ಅಂತ ಉಂಟಲ್ಲ. ಗಿರಾಕಿಗಳು ಮೊಬೈಲ್ ಹಿಡ್ಕಂಡೇ ಒಳಗೆ ಬರ್ತಾರೆ ಮಾರಾಯ್ರೆ, ನಾನೆಂತ ಉತ್ತರ ಕೊಡ್ಲಿ?”

“ಈಗಷ್ಟೇ ತಿದ್ದಿದ್ದೇನೆ.”

“ಎಲ್ಲಿ ತಿದ್ದಿದ್ರಿ? ನೋಡ್ತಾ ಇದೀನಿ, ‘ಇಲ್ಲ’ ಅಂತಲೇ ಉಂಟು. ಸೋಮವಾರದ ತನಕ ಕಾಯ್ತೀನಿ, ಸರಿ ಮಾಡಿ.”

ಹೆಸರು ಹೇಳದ ಯಾರೋ ಹಳೆಯದನ್ನು ಮರಳಿ ಹಾಕಿದ್ದರು. ಕಾರಣವನ್ನೂ ಕೊಟ್ಟಿದ್ದರು: ‘ಆಧಾರ: ನಾರಾಯಣಮೂರ್ತಿಗಳ ಪ್ರಬಂಧ, ನಾಲ್ಕನೆಯ ಪ್ಯಾರಾ.’ ಮಾಡಿದವರ ಹುಟ್ಟನ್ನೂ ಸ್ಪರ್ಶವನ್ನೂ ಹಿಂದಿನವರು ಶುದ್ಧಿಯ ಲೆಕ್ಕಕ್ಕೆ ತರುತ್ತಿದ್ದರೆಂದು ಅಲ್ಲಿ ಬರೆದದ್ದು ನಿಜ. ವಿಷಯ ಅಪೂರ್ಣವಾಗಬಾರದೆಂದು ಬರೆದದ್ದು. ಇಂದಿಗೆ ಅದು ಸಲ್ಲದೆಂದು ಒಂಬತ್ತನೆಯ ಪ್ಯಾರಾದಲ್ಲಿ ನಿರಾಕರಿಸಿದ್ದರು. ಒಂಬತ್ತರವರೆಗೆ ಯಾರೂ ಹೋಗಿರಲಿಲ್ಲ.

ಇವರು ತಿದ್ದಿದರು. ಆ ಕಡೆಯವರು ಮರಳಿಸಿದರು. ಮೂರನೆಯ ಸಲ ಹಾಗಾದಾಗ ವಿಕಿ ತಾನಾಗಿ ಪುಟಕ್ಕೆ ಏಳು ದಿನಗಳ ಬೀಗ ಹಾಕಿತು. ಬೀಗ ಬಿದ್ದದ್ದು ‘ಇಲ್ಲ’ದ ಮೇಲೆ.

“ಬೀಗ ತೆಗೆಯಮ್ಮ,” ಎಂದು ಯಶಸ್ವಿನಿಗೆ ಫೋನಿನಲ್ಲಿ ಹೇಳಿದರು.

“ಆಗಲ್ಲ ಸರ್. ಇಬ್ಬರು ನಿರ್ವಾಹಕರು ಒಪ್ಪಬೇಕು. ಇರೋದೇ ನೀವು, ನಾನು. ಜಗಳದಲ್ಲಿರೋರು ಒಪ್ಪಿಗೆ ಕೊಡೋ ಹಾಗಿಲ್ಲ ಅಂತ ನಿಯಮ ಬರ್ಸಿದ್ದು ಯಾರು ಹೇಳಿ?”

ಬರೆಸಿದವರೂ ಅವರೇ.

“ಇನ್ನೊಂದು ದಾರಿ ಇದೆ ಸರ್. ಶುದ್ಧಿ ಅನ್ನೋ ಅಂಕಣನೇ ಕಿತ್ತುಹಾಕೋಣ. ಎಲ್ಲ ಪುಟದಿಂದ್ಲೂ ಹೋಗುತ್ತೆ, ಬೀಗ ಹಾಕಿರೋದ್ರಿಂದ್ಲೂ. ಹೂಂ ಅನ್ನಿ, ಐದು ನಿಮಿಷದ ಕೆಲಸ.”

“ಪದದ ತಪ್ಪೇನಿದೆ ಇದರಲ್ಲಿ? ಓದುವವರು ಸರಿಯಾಗಿ ಓದಬೇಕು. ಪ್ರಬಂಧಕ್ಕೆ ಒಂದು ಸ್ಪಷ್ಟೀಕರಣ ಸೇರಿಸುತ್ತೇನೆ.”

“ಹನ್ನೊಂದು ಪ್ಯಾರಾ ಓದದೋರು ಹನ್ನೆರಡನೇದು ಓದ್ತಾರಾ?”

ಅವರು ಫೋನಿಟ್ಟರು. ಶನಿವಾರ, ಭಾನುವಾರ ಎರಡೂ ದಿನ ಕುಳಿತು ಸ್ಪಷ್ಟೀಕರಣ ಬರೆದರು. ಒಂದು ಪ್ಯಾರಾ ಮೂರಾಯಿತು. ಸೋಮವಾರ ಮಧ್ಯಾಹ್ನ ಸುರೇಂದ್ರ ಫೋನ್ ಮಾಡಿ, ಪುಟದಲ್ಲಿ ‘ಶುದ್ಧಿ: ಇದೆ’ ಎಂದು ಬರೆದಿದ್ದ ಇನ್ನೊಬ್ಬ ತಯಾರಕರಿಗೆ ಇನ್ನೂರು ಬಾಟಲಿಗೂ ಹೇಳಿಯಾಯಿತೆಂದು ತಿಳಿಸಿದ.

ಮಂಗಳವಾರ ಅವರು ಬಸ್ಸು ಹತ್ತಿ, ಹೊಸ ಸೇತುವೆ ದಾಟಿ ಬ್ಯಾಕೋಡಿಗೆ ಹೋದರು. ಕೇರಿಯಮ್ಮ ಅಂಗಳದಲ್ಲಿ ಕುಳಿತು ಭರಣಿಯ ಮಿಡಿಗೆ ಉಪ್ಪು ಬೆರೆಸುತ್ತಿದ್ದಳು. ಜೊತೆಗೆ ದುಡಿಯುತ್ತಿದ್ದ ನಾಲ್ಕೈದು ಹೆಂಗಸರು ಮಾತು ನಿಲ್ಲಿಸಿದರು.

“ಬನ್ನಿ ಭಟ್ರೆ. ಸುರೇಂದ್ರಣ್ಣ ಹೇಳಿದ್ರು. ನಾವು ಶುದ್ಧ ಇಲ್ವಂತೆ.”

“ಹಾಗಲ್ಲ ಕೇರಿಯಮ್ಮ. ಆ ಪದಕ್ಕೆ ನಿಜವಾದ ಅರ್ಥ...”

“ಅರ್ಥ ಆಮೇಲೆ ಹೇಳಿ. ಬಿಸ್ಲಲ್ಲಿ ಬಂದೀರಿ.” ಕೈ ತೊಳೆದು ಬಂದು ತಂಬಿಗೆಯಲ್ಲಿ ನೀರು ಹಿಡಿದಳು. “ಕುಡೀಬೌದಲ್ಲ? ಇಲ್ಲ, ಅದನ್ನೂ ಮೊಬೈಲಲ್ಲಿ ನೋಡ್ಬೇಕಾ?”

ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ನಾರಾಯಣಮೂರ್ತಿಗಳು ಕೈ ಎತ್ತಿದರು. ಎತ್ತಿದ ಕೈ ತಂಬಿಗೆಯ ಹತ್ತಿರ ಹೋಗಿ ನಿಂತಿತು. ನಿಂತದ್ದು ಒಂದೆರಡು ಉಸಿರಿನಷ್ಟು ಹೊತ್ತು. ನಲವತ್ತು ವರ್ಷ ಹೊರಗಿನ ನೀರು ಮುಟ್ಟದ ಕೈ ಅದು. ಅವರನ್ನು ಕೇಳದೆಯೇ ನಿಂತಿತ್ತು.

ಕೇರಿಯಮ್ಮ ನೋಡಿದಳು. ಆ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು, ತಂಬಿಗೆಯನ್ನು ಅಲ್ಲೇ ಬೋರಲು ಹಾಕಿ, ಮತ್ತೆ ಭರಣಿಯ ಮುಂದೆ ಕುಳಿತಳು.

“ಈ ಮಿಡಿ ನೋಡಿ ಭಟ್ರೆ,” ಎಂದಳು. “ಇದಕ್ಕೆ ನಾವು ಒಂದು ಕೊಂಬೆ ಕಡೀಲಿಲ್ಲ. ಈಗ ಆರ್ಡರ್ ತಗಂಡರಲ್ಲ, ಅವ್ರು ಕೊಂಬೆ ಸಮೇತ ಉರುಳಿಸ್ತಾರೆ. ಬರೋ ವರ್ಷ ಆ ಮರದಾಗೆ ಮಿಡೀನೇ ಇರಲ್ಲ. ನಮ್ಮ ದುಗ್ಗಪ್ಪ ಚೀಲ ಕಟ್ಕಂಡು ಹತ್ತಿ, ಹಗ್ಗದಲ್ಲಿ ಇಳಿಸ್ತಾನೆ. ಒಂದು ಮರಕ್ಕೆ ಒಂದು ದಿನ. ಅದಕ್ಕೇ ಎರಡು ಪಟ್ಟು ಕೂಲಿ ಕೊಡ್ತೀವಿ. ನಿಮ್ಮ ಪುಟದಾಗೆ ಅದನ್ನ ಬರೆಯೋ ಜಾಗ ಎಲ್ಲೈತೆ?”

ಇರಲಿಲ್ಲ. ಹನ್ನೊಂದು ಪ್ಯಾರಾಗಳಲ್ಲಿ, ಆಮೇಲೆ ಸೇರಿಸಿದ ಮೂರರಲ್ಲಿ ಎಲ್ಲಿಯೂ ಮರದ ಮಾತೇ ಇರಲಿಲ್ಲ.

ಅವರು ಅಲ್ಲಿಂದಲೇ ಯಶಸ್ವಿನಿಗೆ ಫೋನ್ ಮಾಡಿದರು. “ಅಂಕಣ ತೆಗೆದುಬಿಡಮ್ಮ. ಪ್ರಬಂಧವನ್ನೂ.”

“ಇವತ್ತಾ ಸರ್?” ಎಂದಳು ಅವಳು. ಶುಕ್ರವಾರವೇ ಆಗಿದ್ದರೆ ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲ. “ಅಲ್ಲಿ ಏನು ಹಾಕ್ಲಿ?”

“ಕೊಂಬೆ ಕಡಿದರೋ, ಹತ್ತಿ ಇಳಿಸಿದರೋ? ಹಾಗೇ ಬರೆ.”

“ಹತ್ತಿದೋನಿಗೆ ಎಷ್ಟು ಕೂಲಿ ಕೊಟ್ರು ಅಂತಾನೂ ಹಾಕ್ಸಿ,” ಎಂದಳು ಕೇರಿಯಮ್ಮ ತಲೆ ಎತ್ತದೆ.

ಅದನ್ನೂ ಹಾಕಿಸಿದರು. ಐದು ನಿಮಿಷವೂ ಹಿಡಿಯಲಿಲ್ಲ.

“ಸರಿಯಾಯ್ತಾ?” ಎಂದು ಕೇರಿಯಮ್ಮ ಕೇಳಿದಳು. “ಹಂಗಾರೆ ಈ ಇನ್ನೂರು ಬಾಟ್ಲಿ ಯಾರಿಗೆ ಕೊಡ್ಲಿ?”

ನಾರಾಯಣಮೂರ್ತಿಗಳು ಫೋನನ್ನು ಜೇಬಿಗೆ ಹಾಕಿಕೊಂಡರು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಗಂಟಲು ಒಣಗಿತ್ತು.

“ಕುಡಿಯಲು ನೀರು ಬೇಕಿತ್ತು, ಕೇರಿಯಮ್ಮ.”

“ಕೊಡ ಅಲ್ಲೇ ಐತೆ ಭಟ್ರೆ, ತಗಳಿ. ನನ್ನ ಕೈಯೆಲ್ಲ ಉಪ್ಪಾಗೈತೆ.”

ಅವರು ಎದ್ದು ಹೋಗಿ, ಕರಿಬೇವಿನ ಬುಡದಲ್ಲಿ ಬಿದ್ದಿದ್ದ ತಂಬಿಗೆಯನ್ನು ತೆಗೆದುಕೊಂಡು, ಕೊಡದಿಂದ ತಾವೇ ಬಗ್ಗಿಸಿಕೊಂಡು ಕುಡಿದರು. ಹೆಂಗಸರ ಮಾತು ಮತ್ತೆ ಶುರುವಾಗಿತ್ತು. ಅವರು ಕುಡಿಯುವುದನ್ನು ಯಾರೂ ನೋಡಲಿಲ್ಲ.